ಹತ್ತು ಸೆಕೆಂಡಿನ ಯಂತ್ರ

ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಮನೆ ಮಾಡಿದವರು ಒಂದು ವಾದದಿಂದ ತಪ್ಪಿಸಿಕೊಳ್ಳುವಂತಿಲ್ಲ: ತಾಳಕ್ಕೆ ಮಾತು ಹೆಣೆದು ಹಾಡುವ ಹಿಪ್ ಹಾಪ್ ಸಂಗೀತ ಬೆಳೆದಿದೆಯೋ, ಕೆಟ್ಟಿದೆಯೋ? ನಮ್ಮ ಕೆಳಗಿನ ಮನೆಯ ಹಿರಿಯರು ಒಂದು ಕಾಲದಲ್ಲಿ ಡಿಜೆ ಆಗಿದ್ದವರು. "ತೊಂಬತ್ತರ ದಶಕಕ್ಕೇ ಮುಗಿಯಿತು ಬಿಡು" ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಹಾಗಾಗಿ ಭಾನುವಾರಗಳು ಸುಲಭವಾಗಿ ಕಳೆಯುತ್ತವೆ.

ಅವರ ಜಂಬಕ್ಕೆ ಕಾರಣವಿದೆ: ಹಿಪ್ ಹಾಪ್ ಹುಟ್ಟಿದ್ದೇ ಬ್ರಾಂಕ್ಸ್‌ನಲ್ಲಿ. 1973ರ ಆಗಸ್ಟ್ 11ರಂದು ಜಮೈಕಾದಿಂದ ಬಂದಿದ್ದ ಕೂಲ್ ಹರ್ಕ್ ಎಂಬ ಹುಡುಗ ತಂಗಿ ಏರ್ಪಡಿಸಿದ್ದ ಪಾರ್ಟಿಯಲ್ಲಿ ರೆಕಾರ್ಡ್ ನುಡಿಸಿದ್ದು ಇಲ್ಲಿಯೇ, ಸೆಡ್ಜ್‌ವಿಕ್ ಅವೆನ್ಯೂದ 1520ನೇ ನಂಬರಿನ ಕಟ್ಟಡದಲ್ಲಿ. ಹಾಡಿನ ನಡುವೆ ಬರೀ ಡ್ರಮ್ ಉಳಿಯುವ ಕ್ಷಣಕ್ಕೆ ಜನ ಕಾಯುತ್ತಾರೆಂದು ಕಂಡುಕೊಂಡ ಅವನು, ಒಂದೇ ರೆಕಾರ್ಡಿನ ಎರಡು ಪ್ರತಿಗಳನ್ನಿಟ್ಟು ಆ ತುಣುಕನ್ನೇ ಹಿಗ್ಗಿಸುವುದನ್ನು ರೂಢಿಗೆ ತಂದ. ಕೇಳುವ ಯಂತ್ರವೇ ನುಡಿಸುವ ವಾದ್ಯವಾಯಿತು. ಕಟ್ಟಡ ಈಗಲೂ ಇದೆ, ಹೆದ್ದಾರಿಯ ಗದ್ದಲದ ಪಕ್ಕದಲ್ಲಿ. ಊರಿನಿಂದ ಬಂದವರನ್ನು ಕರೆದೊಯ್ದು ತೋರಿಸಿದರೆ "ಇಷ್ಟೇನಾ?" ಎನ್ನುತ್ತಾರೆ.

ಹಿರಿಯರ ಬಳಿ 1987ರಲ್ಲಿ ಮಾರುಕಟ್ಟೆಗೆ ಬಂದ ಎಸ್‌ಪಿ-1200 ಎಂಬ ಸ್ಯಾಂಪ್ಲರ್ ಇದೆ, ಅಂದರೆ ರೆಕಾರ್ಡಿನ ತುಣುಕನ್ನು ಹಿಡಿದಿಟ್ಟು ಬೇಕಾದಂತೆ ನುಡಿಸುವ ಯಂತ್ರ. ಅದರ ಹೊಟ್ಟೆಗೆ ಹಿಡಿಯುವುದು ಒಟ್ಟು ಹತ್ತು ಸೆಕೆಂಡಿನ ಧ್ವನಿ. ಡ್ರಮ್, ಬೇಸ್, ಟ್ರಂಪೆಟ್ ಎಲ್ಲವೂ ಅಷ್ಟರಲ್ಲೇ ಮುಗಿಯಬೇಕು. ಅವರು ನಿಮಿಷಕ್ಕೆ 33 ಸುತ್ತು ತಿರುಗಬೇಕಾದ ಎಲ್‌ಪಿ ರೆಕಾರ್ಡನ್ನು 45 ಸುತ್ತಿನ ವೇಗದಲ್ಲಿ ಓಡಿಸಿ, ಕೀಚಲು ದನಿಯನ್ನು ಯಂತ್ರಕ್ಕೆ ತುಂಬಿಸಿ, ಆಮೇಲೆ ಶ್ರುತಿಯನ್ನು ಮೊದಲಿನ ಮಟ್ಟಕ್ಕೆ ಇಳಿಸಿ ತೋರಿಸಿದರು. ಜಾಗ ಉಳಿಯಿತು, ಜೊತೆಗೆ ದನಿಗೊಂದು ಒರಟು ಕರಕರ ಅಂಟಿಕೊಂಡಿತು. ಆ ಕಾಲದ ನ್ಯೂಯಾರ್ಕ್ ಹಾಡುಗಳಲ್ಲಿ ಜನ ಇಂದಿಗೂ ಮೆಚ್ಚುವುದು ಆ ಕರಕರವನ್ನೇ. ಜಿಪುಣತನದಿಂದ ಹುಟ್ಟಿದ ಸೊಗಸು ಅದು.

1991ರಲ್ಲಿ ಬಿಜ್ ಮಾರ್ಕಿ ಎಂಬ ಹಿಪ್ ಹಾಪ್ ಗಾಯಕನ ಹಾಡೊಂದರ ಮೊಕದ್ದಮೆಯಲ್ಲಿ ನ್ಯಾಯಾಲಯ, ಅನುಮತಿಯಿಲ್ಲದೆ ಪರರ ರೆಕಾರ್ಡಿನ ತುಣುಕು ಬಳಸುವುದು ಕಳ್ಳತನವೆಂದು ತೀರ್ಪು ಕೊಟ್ಟಿತು. ಒಂದೊಂದು ತುಣುಕಿಗೂ ಹಣ ತೆರಬೇಕಾಗಿ ಬಂದಾಗ, ಪಬ್ಲಿಕ್ ಎನಿಮಿ ತಂಡದವರಂತೆ ಹತ್ತಾರು ರೆಕಾರ್ಡುಗಳಿಂದ ಹೆಕ್ಕಿ ಹೆಣೆಯುವುದು ಕೈಗೆಟುಕದಾಯಿತು. ನಮ್ಮ ಹಿರಿಯರ ಲೆಕ್ಕದಲ್ಲಿ ಕಲೆ ಸತ್ತದ್ದು ಅಲ್ಲಿ. ನನ್ನ ಲೆಕ್ಕದಲ್ಲಿ ಅದು ಬೇರೆ ಕಡೆ ಬಿಡಾರ ಹೂಡಿತು. ಹಾಡುಗಳಿಗೆ ಬೀಟ್, ಅಂದರೆ ತಾಳದ ಹಿನ್ನೆಲೆ, ಕಟ್ಟುತ್ತಿದ್ದ ಡೆಟ್ರಾಯಿಟ್‌ನ ಜೆ ಡಿಲ್ಲಾ, ಯಂತ್ರದ ತಾಳ ತಿದ್ದುವ ಸೌಲಭ್ಯವನ್ನು ಬದಿಗಿಟ್ಟು, ಪೆಟ್ಟುಗಳನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಬೀಳುವಂತೆ ನುಡಿಸಿದ. ಆ ತೂರಾಟವನ್ನು ಜಾಝ್ ಡ್ರಮ್ಮರ್‌ಗಳು ಈಗ ಅಭ್ಯಾಸ ಮಾಡಿ ಕಲಿಯುತ್ತಾರೆ. ಅಟ್ಲಾಂಟಾದ ಮಿಗೋಸ್ ತಂಡದವರು ನಾಲ್ಕರ ತಾಳದೊಳಗೆ ಮಾತನ್ನು ಮೂರು ಮೂರಾಗಿ ಒಡೆದರು. ತಾಳದ ಸೊಲ್ಲುಗಳನ್ನು ಬಾಯಲ್ಲೇ ನುಡಿಸುವ ಕೊನ್ನಕೋಲ್ ಕೇಳಿ ಬೆಳೆದವರಿಗೆ ಅದು ತಿಸ್ರ ನಡೆಯೆಂದು ಮೊದಲ ಸಾಲಿಗೇ ಗೊತ್ತಾಗುತ್ತದೆ: ತಕಿಟ ತಕಿಟ.

ಹಿರಿಯರ ದೂರಿನಲ್ಲಿ ಹುರುಳಿಲ್ಲವೆಂದಲ್ಲ. ಅಂತರ್ಜಾಲದಲ್ಲಿ ಸಿದ್ಧ ಬೀಟ್ ಕೊಂಡು, ಅದರ ಮೇಲೆ ಗೊಣಗುವ ಹಾಡುಗಳು ಇಂದು ರಾಶಿ ಬಿದ್ದಿವೆ. ಆದರೆ ಎಂಬತ್ತರ ದಶಕದ ಕಳಪೆ ಹಾಡುಗಳು ಅವರ ನೆನಪಿನಲ್ಲಿ ಉಳಿದಿಲ್ಲ ಅಷ್ಟೆ.

ಮೊನ್ನೆ ಅವರಿಗೆ ಹನುಮಾನ್‌ಕೈಂಡ್ ಎಂಬ ಹಿಪ್ ಹಾಪ್ ಗಾಯಕನ 2024ರ 'ಬಿಗ್ ಡಾಗ್ಸ್' ಹಾಡು ಕೇಳಿಸಿದೆ. "ಹ್ಯೂಸ್ಟನ್ ಹುಡುಗನಾ?" ಎಂದರು. ಅಲ್ಲಿ ಬೆಳೆದು ಬೆಂಗಳೂರಿನಲ್ಲಿ ಹೆಸರು ಮಾಡಿದವನು ಎಂದೆ. ಬೆಂಗಳೂರು ಎಲ್ಲಿದೆಯೆಂದು ಮೊಬೈಲಿನಲ್ಲಿ ನಕ್ಷೆ ತೆಗೆದು ತೋರಿಸಬೇಕಾಯಿತು.