ಸತತ ಐದು ಸಲ ಗೆದ್ದೋರು ಇಬ್ರು, ಆದ್ರೆ ಲೆಕ್ಕ ಒಂದೇ ಅಲ್ಲ

ನಮ್ ಚಿಕ್ಕಪ್ಪನ ಮಗ ಚೆಲ್ಸಿ ಫ್ಯಾನು, ನಾನು ಮ್ಯಾಂಚೆಸ್ಟರ್ ಯುನೈಟೆಡ್, ಎರಡೂ ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ಬು, ಹಬ್ಬಕ್ಕೆ ಎಲ್ರೂ ಸೇರಿದ್ರೆ ಕಡುಬು ಮುಗಿಯೋ ಮೊದ್ಲೇ ಜಗಳ ಶುರು. ಈ ಸಲದ ಟಾಪಿಕ್ಕು ಎಫ್‌ಎ ಯೂತ್ ಕಪ್. "ಅಣ್ಣ, ನಿಮ್ಮೋರು ಸತತ ಐದು ಸಲ ಗೆದ್ರು ಅಂತ ಇನ್ನೂ ಹೇಳ್ಕೊಂಡ್ ತಿರುಗ್ತೀರ, ನಾವೂ ಗೆದ್ದಿದೀವಲ್ಲ ಐದು, ಎಂತ ವ್ಯತ್ಯಾಸ?" ಅಂದ. ನಾನು ಬಾಯಿ ತೆಗೆಯೋಷ್ಟರಲ್ಲಿ ಚಿಕ್ಕಮ್ಮ ಬಂದು ಇಬ್ರಿಗೂ ಬೈದು ಎಬ್ಸಿದ್ರು. ಹಂಗಾಗಿ ಉತ್ರ ಇಲ್ಲಿ ಬರೀತಿದೀನಿ, ಓದ್ಕೊಳ್ಲಿ.

ಗೊತ್ತಿಲ್ದೋರಿಗೆ ಸ್ವಲ್ಪ ಹೇಳ್ಬಿಡ್ತೀನಿ. ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ನು 1952-53ರಲ್ಲಿ ಶುರು ಮಾಡಿದ ಟೂರ್ನಮೆಂಟ್ ಇದು, 18 ವರ್ಷದೊಳಗಿನ ಹುಡುಗ್ರಿಗೆ, ಕ್ಲಬ್‌ಗಳ ಯೂತ್ ಟೀಮುಗಳು ಆಡ್ತಾವೆ. ಸೋತ್ರೆ ಮನೆಗೆ. ಸಣ್ಣ ಊರಿನ ಕ್ಲಬ್ಬುಗಳೂ ಮೊದಲ ರೌಂಡುಗಳಿಂದ ಆಡ್ಕೊಂಡ್ ಬರ್ತಾವೆ, ದೊಡ್ಡೋರು ಮೂರನೇ ರೌಂಡಿಗೆ ಸೇರ್ಕೊಳ್ತಾರೆ. ಫೈನಲ್ಲು ಮುಂಚೆ ಎರಡು ಮ್ಯಾಚಿಂದು, ಅವ್ರ ಗ್ರೌಂಡಲ್ಲಿ ಒಂದು ಇವ್ರ ಗ್ರೌಂಡಲ್ಲಿ ಒಂದು, 2019ರಿಂದ ಒಂದೇ ಮ್ಯಾಚು.

ಮೊದಲ ವರ್ಷನೇ ಯುನೈಟೆಡ್ ಹುಡುಗ್ರು ನ್ಯಾಂಟ್‌ವಿಚ್ ಅನ್ನೋ ಸಣ್ಣ ಟೀಮಿಗೆ 23-0 ಹೊಡೆದ್ರು. ಫೈನಲ್ಲಲ್ಲಿ ವುಲ್ವ್ಸ್ ಮೇಲೆ 7-1, ಆಮೇಲೆ 2-2, ಒಟ್ಟು 9-3. ಅಲ್ಲಿಂದ 1957ರವರೆಗೆ ಕಪ್ಪು ಬೇರೆಯೋರ ಕೈಗೇ ಹೋಗ್ಲಿಲ್ಲ. ಮ್ಯಾನೇಜರ್ ಮ್ಯಾಟ್ ಬಸ್ಬಿ, ಹುಡುಗ್ರನ್ನ ತಿದ್ದಿ ತೀಡಿದ್ದು ಜಿಮ್ಮಿ ಮರ್ಫಿ. ಇವ್ರಿಬ್ರಿಗೆ ಕಪ್ಪಿಗಿಂತ ಮುಂದಿಂದೇ ಚಿಂತೆ, ಯಾವ ಹುಡುಗ ಯಾವಾಗ ದೊಡ್ಡ ಟೀಮಿಗೆ ಬರ್ತಾನೆ ಅಂತ. ಡಂಕನ್ ಎಡ್ವರ್ಡ್ಸ್ 1953ರ ಏಪ್ರಿಲಲ್ಲಿ 16ನೇ ವಯಸ್ಸಿಗೇ ಮೇನ್ ಟೀಮಿಗೆ ಆಡಿದ, ಆಮೇಲೆ ಮೇ ತಿಂಗಳಲ್ಲಿ ವಾಪಸ್ ಬಂದು ಯೂತ್ ಕಪ್ ಫೈನಲ್ ಆಡಿದ! 1955ರಲ್ಲಿ ಇಂಗ್ಲೆಂಡ್ ಟೀಮಿಗೆ ಆಡಿದ ಮೇಲೂ ಯೂತ್ ಕಪ್ಪಿಗೆ ಇಳಿದ. ಎದುರು ಟೀಮಿನ ಹುಡುಗ್ರ ಗತಿ ಏನಾಗಿರ್ಬೇಡ ಯೋಚ್ನೆ ಮಾಡಿ. ಬಾಬಿ ಚಾರ್ಲ್ಟನ್ನೂ ಇದೇ ಬ್ಯಾಚು.

ಆಮೇಲಿಂದು ಗೊತ್ತೇ ಇದೆ. 1958ರ ಫೆಬ್ರವರಿ 6, ಮ್ಯೂನಿಕ್ಕಲ್ಲಿ ಯುನೈಟೆಡ್ ಟೀಮಿದ್ದ ವಿಮಾನ ಬಿತ್ತು. ಎಡ್ವರ್ಡ್ಸ್, ಎಡ್ಡಿ ಕೋಲ್ಮನ್, ಡೇವಿಡ್ ಪೆಗ್, ಲಿಯಮ್ ವೀಲನ್, ನಾಲ್ಕೂ ಜನ 1953ರ ಆ ಯೂತ್ ಟೀಮಿನೋರು, ನಾಲ್ಕೂ ಜನ ಹೋಗ್ಬಿಟ್ರು. ಮರ್ಫಿ ವೇಲ್ಸ್ ಟೀಮಿನ ಮ್ಯಾಚಿಗೆ ಅಂತ ಉಳ್ಕೊಂಡಿದ್ರಿಂದ ಬದುಕಿದ್ರು, ಉಳಿದ ಹುಡುಗ್ರನ್ನ ಕಟ್ಕೊಂಡು ಆ ಸೀಸನ್ ನಡೆಸಿದ್ದೂ ಅವ್ರೇ. 1964ರಲ್ಲಿ ಮತ್ತೆ ಯೂತ್ ಕಪ್ ಬಂತು, ಆಗ ಟೀಮಲ್ಲಿ ಜಾರ್ಜ್ ಬೆಸ್ಟ್. 1968ರಲ್ಲಿ ಯುರೋಪಿಯನ್ ಕಪ್ ಗೆದ್ದಾಗ ಬೆಸ್ಟೂ ಇದ್ದ ಚಾರ್ಲ್ಟನ್ನೂ ಇದ್ದ.

ಈಗ ನಮ್ ತಮ್ಮನ ಚೆಲ್ಸಿಗೆ ಬರೋಣ. 2014ರಿಂದ 2018, ಸತತ ಐದು, ಒಪ್ಕೊಂಡೆ. ಅದೂ ಸುಮ್ನೆ ಗೆಲುವಲ್ಲ, 2014ರಲ್ಲಿ ಫುಲ್‌ಹ್ಯಾಮ್ ಮೇಲೆ ಮೊದಲ ಮ್ಯಾಚ್ 3-2 ಸೋತು ಎರಡನೇದು 5-3 ಗೆದ್ದು ಒಟ್ಟು 7-6, 2018ರಲ್ಲಿ ಆರ್ಸೆನಲ್‌ಗೆ ಎರಡು ಮ್ಯಾಚಲ್ಲಿ 7-1. ಆಟದ ಮಟ್ಟ ನೋಡಿದ್ರೆ ಬಸ್ಬಿ ಹುಡುಗ್ರಿಗಿಂತ ಕಮ್ಮಿ ಅಂತ ನಾನೇನೂ ಹೇಳಲ್ಲ. ಆದ್ರೆ ಆ ಹುಡುಗ್ರು ಈಗ ಎಲ್ಲಿದಾರೆ? ಸೊಲಂಕಿ ಲಿವರ್‌ಪೂಲಿಗೆ ಹೋದ, ಅಬ್ರಹಾಂ ರೋಮಾಗೆ, ಗೆಹಿ ಕ್ರಿಸ್ಟಲ್ ಪ್ಯಾಲೇಸಿಗೆ ಹೋಗಿ ಕ್ಯಾಪ್ಟನ್ ಆಗಿ 2025ರಲ್ಲಿ ಎಫ್‌ಎ ಕಪ್ಪನ್ನೇ ಎತ್ತಿದ, ಗ್ಯಾಲಗರ್ ಅಟ್ಲೆಟಿಕೊಗೆ, ಮೇಸನ್ ಮೌಂಟ್ ಅಂತೂ ನಮ್ಮಲ್ಲಿಗೇ ಬಂದ. ಅಡಿಕೆ ಸಸಿ ಬೆಳೆಸೋರಲ್ಲಿ ಎರಡು ಜಾತಿ ಇದಾರಲ್ಲ, ತನ್ನ ತೋಟಕ್ಕೆ ನೆಡೋಕೆ ಬೆಳೆಸೋನು ಒಬ್ಬ, ನರ್ಸರಿ ಇಟ್ಕೊಂಡು ಮಾರೋಕೆ ಬೆಳೆಸೋನು ಇನ್ನೊಬ್ಬ, ಇಬ್ರ ಸಸಿನೂ ಚೆನ್ನಾಗೇ ಇರುತ್ತೆ.

ಇದ್ರಲ್ಲಿ ದುಡ್ಡಿನ ಲೆಕ್ಕ ಒಂದಿದೆ. ಹೊರಗಿಂದ ಕೊಂಡ ಆಟಗಾರನ್ನ ಮಾರಿದ್ರೆ ಕೊಂಡ ಬೆಲೆಲಿ ಪುಸ್ತಕದಲ್ಲಿ ಇನ್ನೂ ಉಳಿದಿರೋದನ್ನ ಕಳೀಬೇಕು, ಅಕಾಡೆಮಿಲಿ ಬೆಳೆದವ್ನಿಗೆ ಕೊಂಡ ಬೆಲೆನೇ ಇಲ್ಲ, ಬಂದದ್ದೆಲ್ಲ ಲಾಭ. ಇಷ್ಟು ಖರ್ಚು ಮಾಡ್ಬಹುದು, ಇಷ್ಟೇ ನಷ್ಟ ತೋರಿಸ್ಬಹುದು ಅನ್ನೋ ಪ್ರೀಮಿಯರ್ ಲೀಗಿನ ರೂಲ್ಸ್ ಇರೋವಾಗ ಮನೆ ಮಗನ್ನ ಮಾರೋದೇ ಸುಲಭದ ದಾರಿ ಆಗ್ಬಿಡ್ತು. ನ್ಯಾಯವಾಗಿ ಹೇಳ್ಬೇಕಂದ್ರೆ 2019ರಲ್ಲಿ ಫಿಫಾ ಚೆಲ್ಸಿಗೆ ಹೊಸ ಆಟಗಾರ್ರನ್ನ ಕೊಳ್ಳಂಗಿಲ್ಲ ಅಂತ ಬ್ಯಾನ್ ಹಾಕ್ದಾಗ ಆಗಿನ ಮ್ಯಾನೇಜರ್ ಲ್ಯಾಂಪಾರ್ಡು ಈ ಹುಡುಗ್ರನ್ನೇ ಇಳಿಸಿದ, 2021ರ ಚಾಂಪಿಯನ್ಸ್ ಲೀಗ್ ಫೈನಲ್ಲಲ್ಲಿ ಮೌಂಟು, ರೀಸ್ ಜೇಮ್ಸು ಇಬ್ರೂ ಶುರುವಿಂದ ಆಡಿದ್ರು, ಗೋಲಿಗೆ ಪಾಸ್ ಕೊಟ್ಟಿದ್ದೇ ಮೌಂಟು. ಅಂದ್ರೆ ಬಾಗ್ಲು ಮುಚ್ಚಿದಾಗ್ಲೇ ಗೊತ್ತಾಯ್ತು ಒಳಗೆ ಯಾರಿದ್ರು ಅಂತ.

ನಮ್ಮೋರೇನೂ ಸಾಚಾ ಅಲ್ಲ ಮತ್ತೆ. 2011ರ ಫೈನಲ್ಲು ನೋಡಿ, ಯುನೈಟೆಡ್ ಶೆಫೀಲ್ಡ್ ಯುನೈಟೆಡ್ ಮೇಲೆ ಒಟ್ಟು 6-3 ಗೆಲ್ತು. ನಮ್ ಟೀಮಲ್ಲಿ ಪೋಗ್ಬಾ ಇದ್ದ, ಮರುವರ್ಷ ಪುಕ್ಕಟೆ ಬಿಟ್ಟು ಕಳ್ಸಿದ್ರು, 2016ರಲ್ಲಿ 8.9 ಕೋಟಿ ಪೌಂಡ್ ಕೊಟ್ಟು ವಾಪಸ್ ತಂದ್ರು. ಸೋತ ಟೀಮಲ್ಲಿ ಹ್ಯಾರಿ ಮಗ್ವಾಯರ್ ಇದ್ದ, ಅವನ್ನ 2019ರಲ್ಲಿ 8 ಕೋಟಿ ಪೌಂಡಿಗೆ ತಗೊಂಡ್ರು. ಒಂದೇ ಫೈನಲ್ಲಿನ ಎರಡೂ ಕಡೆಯೋರಿಗೆ ಹಿಂಗೆ ದುಡ್ಡು ಸುರಿದ ಕ್ಲಬ್ಬು ಇನ್ನೊಂದಿರ್ಲಿಕ್ಕಿಲ್ಲ ಮಾರಾಯ. ಆ ಎರಡನೇ ಮ್ಯಾಚಲ್ಲಿ ಎರಡು ಗೋಲು ಹೊಡೆದವ್ನು ರಾವೆಲ್ ಮಾರಿಸನ್, ಎಲ್ರಿಗಿಂತ ಜಾಸ್ತಿ ಪ್ರತಿಭೆ ಅಂತಿದ್ರು, ಮುಂದಿನ ಜನವರಿಗೆ ಕ್ಲಬ್ಬೇ ಬಿಟ್ಟ.

ಇನ್ನು ಎಲ್ರೂ ಹಾಡಿ ಹೊಗಳೋ 1992ರ ಬ್ಯಾಚು. ಬೆಕಮ್, ಗ್ಯಾರಿ ನೆವಿಲ್, ನಿಕಿ ಬಟ್, ಗಿಗ್ಸ್, ಪ್ಯಾಲೇಸ್ ಮೇಲೆ 6-3. ಸರಿ. ಆದ್ರೆ ಮರುವರ್ಷ ಸ್ಕೋಲ್ಸೂ ಸೇರ್ಕೊಂಡು ಮತ್ತೆ ಫೈನಲ್ಲಿಗೆ ಹೋದ್ರಲ್ಲ, ಅದನ್ನ ಯಾರೂ ಎತ್ತಲ್ಲ. ಲೀಡ್ಸ್ ಎರಡೂ ಮ್ಯಾಚ್ ಗೆದ್ದು 4-1 ಮಾಡಿ ಕಳ್ಸಿತ್ತು. ಗೆದ್ದ ಆ ಲೀಡ್ಸ್ ಹುಡುಗ್ರಲ್ಲಿ ಒಬ್ಬನ ಹೆಸ್ರು ಥಟ್ ಅಂತ ಹೇಳಿ ನೋಡೋಣ? 2002ರಲ್ಲಿ ಎವರ್ಟನ್ ಫೈನಲ್ ಸೋತಾಗ ಅವ್ರ ಟೀಮಲ್ಲಿ ರೂನಿ ಇದ್ದ, ಅದೇ ಅಕ್ಟೋಬರಲ್ಲಿ ದೊಡ್ಡ ಟೀಮಿಗೆ ಆಡಿ ಆರ್ಸೆನಲ್ ಮೇಲೆ ಜನ ಇವತ್ತಿಗೂ ನೆನೆಯೋ ಆ ಗೋಲು ಹೊಡೆದ. 2023ರಲ್ಲಿ ವೆಸ್ಟ್ ಹ್ಯಾಮ್ ಕೈಲಿ 5-1 ತಿಂದ ಆರ್ಸೆನಲ್ಲಲ್ಲಿ ಲೂಯಿಸ್-ಸ್ಕೆಲಿ, ನ್ವಾನೇರಿ ಇದ್ರು. ಹುಡುಗ್ರ ಕಪ್ಪು ಯಾರು ಗೆದ್ರು ಅನ್ನೋದಕ್ಕಿಂತ ಗೆದ್ದ ಮೇಲೆ ಕ್ಲಬ್ಬು ಎಂತ ಮಾಡ್ತು ಅನ್ನೋದ್ರಲ್ಲೇ ಎಲ್ಲ ಇರೋದು. ತಮ್ಮಾ, ಇದು ನಿನ್ ಪ್ರಶ್ನೆಗೆ ಉತ್ರ.

ನಮ್ ದೇಶದಲ್ಲಿ ಇದಕ್ಕೆ ಹತ್ರದ್ದು ಅಂದ್ರೆ ಸುಬ್ರತೊ ಕಪ್, ಆದ್ರೆ ಅದು ಸ್ಕೂಲುಗಳದ್ದು. ವಾಯುಪಡೆಯ ಮೊದಲ ಭಾರತೀಯ ಮುಖ್ಯಸ್ಥ ಸುಬ್ರತೊ ಮುಖರ್ಜಿ ಹೆಸರಲ್ಲಿ 1960ರಿಂದ ನಡೀತಿದೆ, ಈಗ್ಲೂ ವಾಯುಪಡೆಯೋರೇ ನಡೆಸೋದು. ಬೆಕಮ್ ಯೂತ್ ಕಪ್ ಗೆದ್ದ ಅದೇ 1992ರಲ್ಲಿ ಸುಬ್ರತೊ ಕಪ್ಪಿನ ಬೆಸ್ಟ್ ಪ್ಲೇಯರ್ ಯಾರು ಅಂದ್ರೆ ಸಿಕ್ಕಿಂನ ಬೈಚುಂಗ್ ಭುಟಿಯಾ. ಮರುವರ್ಷ ಈಸ್ಟ್ ಬೆಂಗಾಲ್ ಕರ್ಕೊಂಡ್ ಹೋಯ್ತು, 1999ರಲ್ಲಿ ಮ್ಯಾಂಚೆಸ್ಟರ್ ಪಕ್ಕದ ಬರಿ ಕ್ಲಬ್ಬಿಗೆ ಆಡೋಕೆ ಹೋದ. ಸ್ಕೂಲ್ ಕಪ್ಪು, ನೋಡೋ ಕಣ್ಣು, ತಕ್ಷಣ ಕೈ ಹಿಡಿಯೋ ಕ್ಲಬ್ಬು, ಮೂರೂ ಕೂಡಿ ಬಂದಿದ್ದು.

ನಮ್ ಶಿವಮೊಗ್ಗ ಕಡೆ ಎಂತ ಆಗುತ್ತೆ ಗೊತ್ತಾ. ಶಾಲೆ ಕ್ರೀಡಾಕೂಟ ಎಲ್ಲ ಬರೋದು ಜುಲೈ-ಆಗಸ್ಟಲ್ಲಿ, ಅಂದ್ರೆ ಜಡಿಮಳೆ ಟೈಮು. ಹೊಸನಗರ, ಸಾಗರ, ತೀರ್ಥಹಳ್ಳಿ ಕಡೆ ಗ್ರೌಂಡು ಅಂದ್ರೆ ನಾಟಿಗೆ ರೆಡಿ ಇರೋ ಗದ್ದೆ, ಬಾಲು ಉರುಳೋದೇ ಇಲ್ಲ, ನೀರಲ್ಲಿ ನಿಂತ್ಕೊಳುತ್ತೆ. ಚಿಕ್ಕ ಚಿಕ್ಕ ಪಾಸ್ ಮಾಡೋ ಹುಡುಗ ಅಲ್ಲಿ ದಂಡ, ದಪ್ಪ ಕಾಲಿಂದ ಎತ್ತಿ ಒದಿಯೋನೇ ಹೀರೋ, ಪಿಟಿ ಮಾಸ್ಟ್ರಿಗೂ ಮ್ಯಾಚ್ ಗೆಲ್ಲೋದು ಬೇಕಲ್ಲ, ಅವ್ರು ಅವನ್ನೇ ಆರಿಸ್ತಾರೆ, ತಪ್ಪಲ್ಲ ಬಿಡಿ. ತಾಲ್ಲೂಕು ಆಯ್ತು ಜಿಲ್ಲೆ ಆಯ್ತು, ಆಮೇಲೆ ವಿಭಾಗ ಮಟ್ಟ. ಶಿಕ್ಷಣ ಇಲಾಖೆ ಲೆಕ್ಕದಲ್ಲಿ ನಾವು ಬೆಂಗಳೂರು ವಿಭಾಗ! ವರ್ಷವಿಡೀ ಟರ್ಫ್ ಮೇಲೆ ಕೋಚ್ ಇಟ್ಕೊಂಡು ಆಡೋ ರಾಜಧಾನಿ ಸ್ಕೂಲುಗಳ ಎದುರು ನಮ್ ಎತ್ತಿ ಒದಿಯೋ ಹುಡುಗ್ರು ನಿಲ್ಬೇಕು. ಅಷ್ಟೊತ್ತಿಗೆ ಪಾಸ್ ಮಾಡ್ತಿದ್ದ ಆ ಸಣ್ಣ ಹುಡುಗ ತಾಲ್ಲೂಕು ಮಟ್ಟದಲ್ಲೇ ಬೂಟು ಬಿಚ್ಚಿಟ್ಟು ಎಸ್ಸೆಸ್ಸೆಲ್ಸಿ ಟ್ಯೂಷನ್ನಿಗೆ ಸೇರಿರ್ತಾನೆ. ಕ್ರೀಡಾಕೂಟನ ಡಿಸೆಂಬರಿಗೆ ಹಾಕಿ ಅಂತ ಕೇಳಿದ್ರೆ ಆಗ ಪರೀಕ್ಷೆ ಹತ್ರ ಬರುತ್ತೆ ಅಂತಾರೆ. ಮಲೆನಾಡಿನ ತಾಲ್ಲೂಕುಗಳಿಗಾದ್ರೂ ಬೇರೆ ತಾರೀಖು ಕೊಡ್ಬಹುದಪ್ಪ, ಮಳೆ ರಜೆ ಬೇರೆ ಕೊಡ್ತಾರಲ್ಲ ನಮ್ಗೆ.