ಹಾಡಿಗೆ ಗ್ರಾಮಸಭೆ ಬಂದ ದಿನ

ಕಾಡಿನ ಜಾಗವನ್ನು ಗಣಿಗೋ ಅಣೆಕಟ್ಟೆಗೋ ಕೇಳಿಕೊಂಡು ಹಾಡಿಯಲ್ಲಿ, ಅಂದರೆ ಆದಿವಾಸಿಗಳ ಊರಿನಲ್ಲಿ, ಸಭೆ ಸೇರಿದ ದಿನ ಕೂಗಾಟವೆಲ್ಲ ಮೈಕಿನ ಮುಂದೆ ನಡೆಯುತ್ತದೆ. ತೀರ್ಮಾನ ಮಾತ್ರ ಹಾಜರಿ ಪುಸ್ತಕದಲ್ಲಿ ಆಗಿಹೋಗಿರುತ್ತದೆ. ಇಂಥ ಸಭೆಗಳಲ್ಲಿ ಪಳಗಿದವರು ಬೆಳಿಗ್ಗೆ ಮೊದಲು ಕೈಗೆತ್ತಿಕೊಳ್ಳುವುದು ಆ ಪುಸ್ತಕವನ್ನೇ.

ಇವತ್ತಿನದು ಯಾವ ಸಭೆ ಎಂಬುದು ಮೊದಲು ಸ್ಪಷ್ಟವಾಗಬೇಕು. 2006ರ ಪರಿಸರ ಅಧಿಸೂಚನೆಯಡಿ ನಡೆಯುವ ಸಾರ್ವಜನಿಕ ಆಲಿಕೆಗೆ 30 ದಿನದ ನೋಟಿಸ್ ಬೇಕು, ವಿಡಿಯೊ ಚಿತ್ರೀಕರಣ ಬೇಕು, ಇಂತಿಷ್ಟು ಜನ ಸೇರಲೇಬೇಕೆಂಬ ಕೋರಂ ಬೇಕಿಲ್ಲ. ಅಲ್ಲಿ ಅಹವಾಲು ಬರೆದುಕೊಳ್ಳುತ್ತಾರೆ, ಒಪ್ಪಿಗೆ ಕೇಳುವುದಿಲ್ಲ. ಕಾಡಿನವರ ಹಕ್ಕುಗಳನ್ನು ಮಾನ್ಯ ಮಾಡುವ ಅರಣ್ಯ ಹಕ್ಕು ಕಾಯ್ದೆಯ ಗ್ರಾಮಸಭೆ ಬೇರೆಯದೇ, ಒಪ್ಪಿಗೆ ಕೇಳುವುದು ಅಲ್ಲಿ. ಎರಡನ್ನೂ ಒಂದೇ ಶಾಮಿಯಾನದಡಿ, ಒಂದೇ ಊಟದಲ್ಲಿ ಮುಗಿಸಿಬಿಡುವ ಚಾಳಿ ಇದೆ. ಊಟದ ಸಾಲಿನಲ್ಲಿ ಹಾಕಿಸಿಕೊಂಡ ಸಹಿಯೇ ಆಮೇಲೆ ಕಡತದಲ್ಲಿ ‘ಒಪ್ಪಿಗೆ’ಯಾಗಿ ಕೂತಿರುತ್ತದೆ.

ಆ ಕಾಯ್ದೆಯ ನಿಯಮಗಳಿಗೆ 2012ರಲ್ಲಿ ಬಂದ ತಿದ್ದುಪಡಿಯ ನಂತರ ಗ್ರಾಮಸಭೆಗೆ ಸದಸ್ಯರಲ್ಲಿ ಅರ್ಧದಷ್ಟು ಜನ ಬರಬೇಕು, ಬಂದವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು. ಹಾಡಿಯಲ್ಲಿ 180 ವಯಸ್ಕರಿದ್ದರೆ 90 ಮಂದಿ, ಅವರಲ್ಲಿ 30 ಹೆಂಗಸರು. ಹಾಡಿಯ ಮಟ್ಟದಲ್ಲಿ ಇದು ಕಷ್ಟವೇನಲ್ಲ. ಹತ್ತಾರು ಊರು ಸೇರಿದ ಪಂಚಾಯ್ತಿ ಮಟ್ಟದಲ್ಲಿ, ಅದೂ ಕೂಲಿಗೆ ಹೋಗುವ ಹೊತ್ತಿನಲ್ಲಿ ಕರೆದರೆ ಅರ್ಧ ಜನ ಸೇರುವ ಮಾತೇ ಇಲ್ಲ. ಆಗ ಸಹಿಯ ಹಾಳೆಯೇ ಮನೆಮನೆಗೆ ಹೋಗುತ್ತದೆ.

ನಕ್ಷೆಯದು ಇನ್ನೊಂದು ಫಜೀತಿ. ಗೋಡೆಗೆ ಅಂಟಿಸುವುದು ಸಾಮಾನ್ಯವಾಗಿ 1:50,000 ಅಳತೆಯ ನಕ್ಷೆ. ಅದರಲ್ಲಿ ಒಂದು ಮಿಲಿಮೀಟರ್ ಎಂದರೆ ನೆಲದ ಮೇಲೆ 50 ಮೀಟರ್. ದೇವರ ಬನ, ಸಮಾಧಿ ಜಾಗ, ಬೇಸಿಗೆಯಲ್ಲೂ ಬತ್ತದ ಒರತೆ ಎಲ್ಲವೂ ಪೆನ್ನಿನ ಗೆರೆಯ ದಪ್ಪದಲ್ಲಿ ಮುಚ್ಚಿಹೋಗುತ್ತವೆ. ಸರ್ವೆ ನಂಬರು ಓದಿ ಹೇಳಿದರೆ ಯಾರಿಗೂ ತಿಳಿಯದು. ಹಳ್ಳದ ಹೆಸರು, ಬಂಡೆಯ ಹೆಸರು ಹೇಳಿದರೆ ಅಜ್ಜಿಯರೂ ಎದ್ದು ನಿಂತು ತಿದ್ದುತ್ತಾರೆ. ಹಾಗಾಗಿ ಸಭೆಗೆ ವಾರ ಮೊದಲೇ ಯಜಮಾನರು, ಜೇನು ಕೀಳುವವರು, ಸೊಪ್ಪು–ಗೆಡ್ಡೆ ತರುವ ಹೆಂಗಸರು ಸರ್ವೇಯರ್ ಜೊತೆ ಗಡಿ ಸುತ್ತಬೇಕು. ಗಂಡಸರಷ್ಟೇ ಹೋದರೆ ಅರ್ಧ ಕಾಡು ನಕ್ಷೆಗೆ ಬರುವುದಿಲ್ಲ.

ನಡಾವಳಿ ಬರೆಯುವಾಗ ಕಣ್ಣು ಪುಸ್ತಕದ ಮೇಲೇ ಇರಲಿ. ಟೈಪ್ ಮಾಡಿ ತಂದ ಠರಾವು ಬೇಡ. ಮೂರು ಊರಿನ ಠರಾವಿನಲ್ಲಿ ಅಕ್ಷರ ತಪ್ಪೂ ಸೇರಿ ಒಂದೇ ಒಕ್ಕಣೆಯಿದ್ದರೆ ಅದು ಬೇರೆಲ್ಲೋ ಬರೆದದ್ದು. ‘ಮಾಹಿತಿ ನೀಡಲಾಯಿತು’ ಬೇರೆ, ‘ಒಪ್ಪಲಾಯಿತು’ ಬೇರೆ. ಠರಾವನ್ನು ಹಾಡಿಯವರ ಮಾತಿನಲ್ಲಿ ಗಟ್ಟಿಯಾಗಿ ಓದಿಸಿ, ಅದೇ ಪುಟದಲ್ಲಿ, ಅದರ ಕೆಳಗೇ ಸಹಿ–ಹೆಬ್ಬೆಟ್ಟು ಹಾಕಿಸಬೇಕು. ಹಾಜರಿಗೆಂದು ಬಿಡಿ ಹಾಳೆ ಕೊಟ್ಟರೆ ಅದರ ನೆತ್ತಿಯಲ್ಲಿ ನಾಳೆ ಯಾವ ಠರಾವು ಬೇಕಾದರೂ ಕೂರಬಹುದು. ಉಳಿದ ಖಾಲಿ ಗೆರೆಗಳಿಗೆ ಅಡ್ಡಗೀಟು, ಪ್ರತಿ ಪುಟಕ್ಕೂ ಸಂಖ್ಯೆ, ಜನ ಚದುರುವ ಮೊದಲೇ ಎಲ್ಲ ಪುಟಗಳ ಫೋಟೊ. ನಕಲನ್ನು ‘ನಾಳೆ ಆಫೀಸಿಗೆ ಬನ್ನಿ’ ಎಂದರೆ ಒಪ್ಪಬಾರದು.

ಒಡಿಶಾದ ನಿಯಮಗಿರಿಯಲ್ಲಿ 2013ರ ಜುಲೈ–ಆಗಸ್ಟ್‌ನಲ್ಲಿ ನಡೆದ 12 ಗ್ರಾಮಸಭೆಗಳು ಬಾಕ್ಸೈಟ್ ಗಣಿಯನ್ನು ಒಂದೂ ಬಿಡದೆ ತಿರಸ್ಕರಿಸಿದವು. ಆ ಬೆಟ್ಟದ ಆದಿವಾಸಿಗಳಾದ ಡೋಂಗ್ರಿಯಾ ಕೊಂಧರ ಗಟ್ಟಿತನವನ್ನು ಎಲ್ಲರೂ ಹೊಗಳುತ್ತಾರೆ, ಸರಿಯೇ. ಆದರೆ ಸುಪ್ರೀಂ ಕೋರ್ಟ್ ಆದೇಶದಂತೆ ಜಿಲ್ಲಾ ನ್ಯಾಯಾಧೀಶರ ದರ್ಜೆಯ ಅಧಿಕಾರಿ ಸಭೆಯಲ್ಲೇ ಕೂತಿದ್ದುದು, ಊರೂರಿಗೂ ಪ್ರತ್ಯೇಕ ಸಭೆ ನಡೆದದ್ದು ಸಣ್ಣ ಸಂಗತಿಗಳಲ್ಲ. ಆ ಮಾತುಗಳು ತಿರುಚದೆ ಕಾಗದಕ್ಕಿಳಿದದ್ದು ಇದರಿಂದಲೇ. ಬೆಟ್ಟಸಾಲಿನಲ್ಲಿ ನೂರಕ್ಕೂ ಹೆಚ್ಚು ಹಳ್ಳಿಗಳಿರುವಾಗ ಹನ್ನೆರಡನ್ನೇ ಆರಿಸಿದ್ದೇಕೆ ಎಂಬ ತಕರಾರು ಆಗಲೂ ಇತ್ತು, ನ್ಯಾಯವಾದದ್ದೇ.

ಈಗ ಕೇಳಲೇಬೇಕಾದ ಇನ್ನೊಂದು ಪ್ರಶ್ನೆಯಿದೆ: ಕಡತ ಎಲ್ಲಿಗೆ ಬಂದಿದೆ? ರಸ್ತೆ, ವಿದ್ಯುತ್ ಮಾರ್ಗದಂಥ ಯೋಜನೆಗಳಿಗೆ ಒಪ್ಪಿಗೆಯ ಷರತ್ತನ್ನು 2013ರಲ್ಲೇ ಸಡಿಲಿಸಿದ್ದಾರೆ. 2022ರ ಅರಣ್ಯ ಸಂರಕ್ಷಣಾ ನಿಯಮಗಳ ಪ್ರಕಾರ, ಅವುಗಳ ಜಾಗಕ್ಕೆ ಬಂದ 2023ರ ನಿಯಮಗಳ ಪ್ರಕಾರವೂ, ಕಾಡಿನ ಜಾಗ ಬಿಟ್ಟುಕೊಡಲು ಕೇಂದ್ರದ ಅಂತಿಮ ಅನುಮೋದನೆ ಮೊದಲು ಸಿಗಬಹುದು. ಅರಣ್ಯ ಹಕ್ಕು ಕಾಯ್ದೆಯ ಪಾಲನೆ ಆಮೇಲೆ, ರಾಜ್ಯದ ಆದೇಶಕ್ಕೆ ಮುನ್ನ. ಎಲ್ಲ ಮುಗಿದ ಮೇಲೆ ಕೇಳುವ ಒಪ್ಪಿಗೆಗೆ ತೂಕ ಎಷ್ಟು ಎಂದು ಹೇಳಬೇಕಿಲ್ಲ. ಆದ್ದರಿಂದ ಬಂದ ಅಧಿಕಾರಿಯಿಂದ ಪ್ರಸ್ತಾವದ ಸಂಖ್ಯೆ ಕೇಳಿ ನಡಾವಳಿಯ ಮೊದಲ ಸಾಲಿನಲ್ಲೇ ಬರೆಸಿ, ಯಾರದಾದರೂ ಮೊಬೈಲ್‌ನಲ್ಲಿ ಪರಿಸರ–ಅರಣ್ಯ ಅನುಮತಿಗಳ ಸರ್ಕಾರಿ ಜಾಲತಾಣ ‘ಪರಿವೇಶ್’ ತೆರೆದು ಅದು ಯಾವ ಹಂತದಲ್ಲಿದೆ ಎಂದು ನೋಡಿಕೊಂಡೇ ಚರ್ಚೆ ಶುರುಮಾಡುವುದು ಒಳ್ಳೆಯದು.