ಕೊಯ್ತಾದ ಬಾಯಿ ಏನು ಹೇಳುತ್ತದೆ

ಗೋವಾದ ಮಾಪುಸಾದ ಶುಕ್ರವಾರದ ಸಂತೆಯಲ್ಲಿ ಕೊಯ್ತಾ, ಅಂದರೆ ಗಿಡಗಂಟಿ ಕಡಿಯುವ ಮಚ್ಚು, ಕೊಳ್ಳುವವರು ಮೊದಲು ಹೆಬ್ಬೆರಳಿನಿಂದ ಅದರ ಬಾಯಿ (ಕಡಿಯುವ ಅಂಚು) ಸವರಿ ನೋಡುತ್ತಾರೆ. ಅದರಿಂದ ತಿಳಿಯುವುದು ಏನೂ ಇಲ್ಲ. ಸಂತೆಯಲ್ಲಿ ಸಿಗುವ ಹರಿತವನ್ನು ಹೇಗಿದ್ದರೂ ಮನೆಗೆ ತಂದು ಉಜ್ಜಿ ತೆಗೆದು ಹೊಸದಾಗಿ ಕಟ್ಟಬೇಕು. ಕೊಳ್ಳುವಾಗ ನೋಡಬೇಕಾದ್ದು ಆಮೇಲೆ ನಾವು ಸರಿಪಡಿಸಲಾಗದ ಸಂಗತಿಗಳನ್ನು: ಕಬ್ಬಿಣ, ಹದ (ಕಾಯಿಸಿ ತಣಿಸಿ ತಂದ ಗಡಸುತನ), ತೂಕ, ಅಲಗಿನ ನೇರ.

ಮೈಸೂರು ಕಡೆ ಮಚ್ಚು, ಮಲೆನಾಡು ಕರಾವಳಿಯಲ್ಲಿ ಕತ್ತಿ, ಬೆಳಗಾವಿಯವರ ಬಾಯಲ್ಲಿ ಕೊಯ್ತಾ, ಇಲ್ಲಿ ಕೊಂಕಣಿಯಲ್ಲಿ ಕೊಯ್ತೊ. ಹೆಸರು ಯಾವುದಾದರೂ ಮೊದಲು ಕೇಳಿಕೊಳ್ಳಬೇಕಾದ್ದು ಏನು ಕಡಿಯುತ್ತೀರಿ ಎಂದು. ಕಮ್ಯುನಿಸ್ಟ್ ಗಿಡ, ಲಂಟಾನ, ಎಳೆ ಬಳ್ಳಿ, ಆಳೆತ್ತರದ ಹುಲ್ಲು ಇಷ್ಟೇ ಆದರೆ 16ರಿಂದ 18 ಇಂಚು ಉದ್ದದ, 2–3 ಮಿಲಿಮೀಟರ್ ದಪ್ಪದ ತೆಳು ಅಲಗು ಸಾಕು. ಮೆತ್ತನೆಯದನ್ನು ಕತ್ತರಿಸುವುದು ವೇಗ, ತೂಕವಲ್ಲ. ಬಿದಿರು, ಗೇರು ಮರದ ಗೆಲ್ಲು, ಅಕೇಶಿಯಾ ಕೂಡ ದಾರಿಗೆ ಬರುತ್ತವೆ ಎಂದಾದರೆ 10–12 ಇಂಚಿನ ಅಲಗು, ಬೆನ್ನಿನಲ್ಲಿ 5–6 ಮಿಲಿಮೀಟರ್ ದಪ್ಪ, ಹಿಡಿ ಸೇರಿ 600ರಿಂದ 800 ಗ್ರಾಂ. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ. ಭಾರದ್ದು ಗಟ್ಟಿ ಅನ್ನಿಸುತ್ತದೆ, ಆದರೆ ಒಂದು ಕಿಲೋ ದಾಟಿದ ಕೊಯ್ತಾ ಅರ್ಧ ಗಂಟೆಯಲ್ಲಿ ಮಣಿಕಟ್ಟನ್ನು ಸುಸ್ತು ಮಾಡುತ್ತದೆ. ಸುಸ್ತಾದ ಕೈಯ ಏಟು ಮರಕ್ಕೆ ಬೀಳದೆ ಮೊಣಕಾಲಿಗೆ ಬರುತ್ತದೆ. ಅಲಗನ್ನು ಒಂದು ಬೆರಳಿನ ಮೇಲೆ ತೂಗಿಸಿ ನೋಡಿ: ಹಿಡಿಗಿಂತ ನಾಲ್ಕೈದು ಬೆರಳು ಮುಂದೆ ಸಮತೂಕ ನಿಂತರೆ ಕಡಿಯಲು ಸರಿ.

ತುದಿಯ ಕೊಕ್ಕು ಅಲಂಕಾರಕ್ಕೆ ಇರುವುದಲ್ಲ. ಬಳ್ಳಿಯನ್ನು ಎಳೆದು ಹತ್ತಿರ ತರುತ್ತದೆ, ಮುಳ್ಳಿನ ಕೊಂಬೆಯನ್ನು ಕೈ ತಾಗದಂತೆ ಪಕ್ಕಕ್ಕೆ ಸರಿಸುತ್ತದೆ. ಜತೆಗೆ ಏಟು ತಪ್ಪಿ ನೆಲಕ್ಕೆ ಬಿದ್ದಾಗ ಕೊಕ್ಕೇ ಮೊದಲು ತಾಗಿ ಬಾಯಿಯನ್ನು ಉಳಿಸುತ್ತದೆ. ಗೋವಾದ ನೆಲದಲ್ಲಿ ಎರಡು ಬೆರಳು ಮಣ್ಣಿನ ಕೆಳಗೆ ಜಂಬಿಟ್ಟಿಗೆ ಕಲ್ಲು ಕಾದಿರುವ ಕಡೆಗಳೇ ಹೆಚ್ಚು. ನೇರ ಮೊನೆಯ ಅಲಗಿಗಿಂತ ಕೊಕ್ಕಿನದನ್ನೇ ಕೊಳ್ಳಿ ಎಂದು ನಾನು ಹೇಳುವುದು ಅದಕ್ಕೆ.

ಕಮ್ಮಾರರು ಲಾರಿ, ಜೀಪುಗಳ ಹಳೆಯ ಕಮಾನುಪಟ್ಟಿಯಿಂದ (ಲೀಫ್ ಸ್ಪ್ರಿಂಗ್) ಮಾಡಿದ್ದಾದರೆ ಕಬ್ಬಿಣ ಒಳ್ಳೆಯದೇ. ಅದರಲ್ಲಿ ಇಂಗಾಲ ಶೇಕಡ 0.5–0.6ರ ಆಸುಪಾಸು ಇರುತ್ತದೆ, ಹದ ಹಿಡಿಯುತ್ತದೆ, ಪೆಟ್ಟಿಗೆ ಮುರಿಯುವುದಿಲ್ಲ. ಮೆದು ಕಬ್ಬಿಣದ ಪಟ್ಟಿಯಿಂದ ಬಡಿದದ್ದು ನೋಡಲು ಹಾಗೇ ಇರುತ್ತದೆ, ಎಷ್ಟು ಸುಟ್ಟರೂ ಹದ ಬರುವುದಿಲ್ಲ. ಕಂಡುಹಿಡಿಯಲು ಒಂದು ಸಣ್ಣ ಅರ ಜೇಬಿನಲ್ಲಿರಲಿ. ಕೇಳಿಕೊಂಡು, ಬಾಯಿಯ ಹತ್ತಿರ ಒಮ್ಮೆ, ಬೆನ್ನಿನ ಮೇಲೆ ಒಮ್ಮೆ ಉಜ್ಜಿ. ಬೆನ್ನಿನಲ್ಲಿ ಅರ ಸುಲಭವಾಗಿ ಕಚ್ಚಬೇಕು, ಬಾಯಲ್ಲಿ ಕಚ್ಚಲು ಸ್ವಲ್ಪ ಹಟ ಮಾಡಬೇಕು. ಎರಡೂ ಕಡೆ ಬೆಣ್ಣೆಯಂತೆ ಕಚ್ಚಿದರೆ ಹದವಿಲ್ಲ. ಬಾಯಲ್ಲಿ ಗಾಜಿನ ಮೇಲೆ ಜಾರಿದಂತೆ ಜಾರಿದರೆ ಅತಿ ಗಡಸು, ಒಣ ಬಿದಿರಿಗೆ ಮುಕ್ಕಾಗುತ್ತದೆ, ನಿಮ್ಮ ಅರಕ್ಕೂ ಬಗ್ಗುವುದಿಲ್ಲ. ಆಮೇಲೆ ಹಿಡಿಯನ್ನು ಎರಡು ಬೆರಳಲ್ಲಿ ಸಡಿಲವಾಗಿ ನೇತುಹಾಕಿ ಅಲಗಿಗೆ ಇನ್ನೊಂದು ಕಬ್ಬಿಣದಿಂದ ತಟ್ಟಿ. ಗಂಟೆಯಂತೆ ನುಡಿದರೆ ಸರಿ. ಹಿಡಿ ಬಿಗಿಯಾಗಿದ್ದೂ ಸದ್ದು ಒಡಕಾಗಿ ಬಂದರೆ ಒಳಗೆ ಬಿರುಕಿರಬಹುದು, ಬಿಟ್ಟುಬಿಡಿ.

ಹಿಡಿಯ ಮರದ ಎಳೆ ಉದ್ದಕ್ಕೆ ಹೋಗಿರಬೇಕು. ಅಡ್ಡ ಎಳೆ ಒಂದು ದಿನ ಸೀಳುತ್ತದೆ. ಕೊನೆಯಲ್ಲಿ ಕಿರುಬೆರಳಿಗೆ ತಡೆಯಾಗುವ ಉಬ್ಬು ಬೇಕು, ಬೆವರಿದ ಕೈಯಿಂದ ಜಾರದಿರಲು. ಬೇಸಿಗೆಯಲ್ಲಿ ಮರ ಒಣಗಿ ಹಿಡಿ ಸಡಿಲವಾದಾಗ ರಾತ್ರಿ ನೀರಲ್ಲಿ ನೆನೆಸುವ ರೂಢಿ ಇದೆ. ಬೆಳಿಗ್ಗೆ ಬಿಗಿಯಾಗಿರುತ್ತದೆ, ಎರಡು ದಿನಕ್ಕೆ ಮತ್ತೆ ಸಡಿಲ, ಹಿಡಿಯೊಳಗೆ ಇಳಿದ ಅಲಗಿನ ಬಾಲಕ್ಕೆ ತುಕ್ಕು ಬೇರೆ. ಹಿಡಿ ಬಿಚ್ಚಿ, ರಂಧ್ರ ಒಣಗಿಸಿ, ಅರಗು ಕರಗಿಸಿ ತುಂಬಿ ಕೂರಿಸಿ. ಅರಾಲ್ಡೈಟ್ ಅಂಟು ಆದರೆ ಒಂದು ದಿನ ಪೂರ್ತಿ ಮುಟ್ಟದೆ ಬಿಡಿ.

ಈಗ ಹರಿತ. 8 ಅಥವಾ 10 ಇಂಚಿನ ಚಪ್ಪಟೆ ಅರ, ಕೊಕ್ಕಿನ ಒಳಬಾಗಿಗೆ ಒಂದು ಅರೆದುಂಡು ಅರ, ಎರಡು ಮುಖದ ಕಾರ್ಬೊರಂಡಮ್ ಕಲ್ಲು, ಒಂದು ಮಾರ್ಕರ್ ಪೆನ್ನು, ಎಡಗೈಗೆ ದಪ್ಪ ಕೈಗವಸು. ಅರಕ್ಕೆ ಮರದ ಹಿಡಿ ಇರಲೇಬೇಕು. ಇಲ್ಲವಾದರೆ ಅದರ ಮೊನೆ ಅಂಗೈಗೆ ಇಳಿಯುತ್ತದೆ. ಕೊಯ್ತಾವನ್ನು ತೊಡೆಯ ಮೇಲೆ ಇಟ್ಟುಕೊಂಡು ಉಜ್ಜಬೇಡಿ. ಮೇಜಿನ ಅಂಚಿಗೆ ಕ್ಲ್ಯಾಂಪ್ ಹಾಕಿ ಬಿಗಿದು, ಬಾಯಿ ಮಾತ್ರ ಎರಡು ಬೆರಳಷ್ಟು ಹೊರಗೆ ಬರಲಿ.

ಕೋನಕ್ಕೆ ಉಪಕರಣ ಬೇಡ. ಕಾಗದದ ಮೂಲೆಯನ್ನು ಒಮ್ಮೆ ಮಡಚಿದರೆ 45 ಡಿಗ್ರಿ, ಇನ್ನೊಮ್ಮೆ ಮಡಚಿದರೆ ಇಪ್ಪತ್ತೆರಡೂವರೆ. ಆ ಮಡಿಕೆಯನ್ನು ಅಲಗಿನ ಪಕ್ಕದಲ್ಲಿಟ್ಟು ಅರವನ್ನು ಅಷ್ಟೇ ಓರೆ ಹಿಡಿಯಿರಿ. ಒಂದೊಂದು ಕಡೆಗೂ ಇಷ್ಟೇ ಕೋನ. ಬಾಯಿಗೆ ಮಾರ್ಕರ್ ಬಳಿದು ನಾಲ್ಕು ಸಲ ಉಜ್ಜಿ ನೋಡಿ. ಶಾಯಿ ಅಂಚಿನಲ್ಲೇ ಉಳಿದು ಮೇಲುಗಡೆ ಹೋಗಿದ್ದರೆ ಅರ ಮಲಗಿದೆ, ಇನ್ನಷ್ಟು ಎತ್ತಬೇಕು. ಅಂಚಿನಲ್ಲಿ ಮಾತ್ರ ಹೋಗಿದ್ದರೆ ಎತ್ತಿದ್ದು ಹೆಚ್ಚಾಗಿದೆ. ಹೊಸ ಕೊಯ್ತಾದಲ್ಲಿ ಬಾಯಿಯ ಹಿಂದಿನ ಭುಜ ದಪ್ಪ ಇರುವುದರಿಂದ ಮೊದಲು 15 ಡಿಗ್ರಿಯಲ್ಲಿ ಭುಜ ಇಳಿಸಿ, ಆಮೇಲೆ ಬಾಯಿಗೆ ಬನ್ನಿ. ಇದಕ್ಕೆ ಮುಕ್ಕಾಲು ಗಂಟೆ ಬೇಕು, ಅವಸರ ಮಾಡಿದರೆ ಅಂಚು ಅಲೆಯಲೆಯಾಗುತ್ತದೆ.

ಅರ ಕಡಿಯುವುದು ಮುಂದಕ್ಕೆ ತಳ್ಳುವಾಗ ಮಾತ್ರ. ಹಿಂದಕ್ಕೆ ತರುವಾಗ ಎತ್ತಿಬಿಡಿ; ಎಳೆದರೆ ಅದರ ಹಲ್ಲು ಸವೆಯುತ್ತದೆ. ಹಿಡಿಯ ಬುಡದಿಂದ ಕೊಕ್ಕಿನ ಕಡೆಗೆ ಓರೆಯಾಗಿ ತಳ್ಳುತ್ತ ಒಂದು ಕಡೆ 10, ಇನ್ನೊಂದು ಕಡೆ 10. ಅರಕ್ಕೆ ಸೀಮೆಸುಣ್ಣ ಬಳಿದುಕೊಂಡರೆ ಪುಡಿ ಸಿಕ್ಕಿಕೊಂಡು ಗೀರು ಬೀಳುವುದು ಕಡಿಮೆ. ಒಂದು ಕಡೆ ಉಜ್ಜುತ್ತ ಇನ್ನೊಂದು ಕಡೆ ಕಬ್ಬಿಣದ ಕೂದಲಂತಹ ಎಳೆ ಮಡಚಿ ನಿಲ್ಲುತ್ತದೆ. ಬೆನ್ನಿನಿಂದ ಬಾಯಿಯ ಕಡೆಗೆ ಉಗುರು ಜಾರಿಸಿದರೆ ತಡೆಯುತ್ತದೆ (ಬಾಯಿಯ ಉದ್ದಕ್ಕೆ ಬೆರಳು ಎಂದೂ ಎಳೆಯಬೇಡಿ). ಎಳೆ ಬುಡದಿಂದ ತುದಿಯವರೆಗೆ ಬಿಡದೆ ಸಿಗುವವರೆಗೂ ಆ ಕಡೆಯ ಕೆಲಸ ಮುಗಿದಿಲ್ಲ. ನಂತರ ಬದಲಿಸುತ್ತ 5, 3, 1 ಎಂದು ಇಳಿಸಿ, ಕಲ್ಲಿನ ಒರಟು ಮುಖ, ನುಣುಪು ಮುಖ ಎರಡರಲ್ಲೂ ಹಗುರವಾಗಿ ಸುತ್ತಿಸಿ ಎಳೆಯನ್ನು ತೆಗೆಯಿರಿ. ತೆಗೆಯದೆ ಬಿಟ್ಟರೆ ಮೊದಲ ಐದು ಏಟಿಗೆ ಅದು ಮುರಿದು, ಅದರ ಜಾಗದಲ್ಲಿ ಮೊಂಡು ಅಂಚು ಉಳಿಯುತ್ತದೆ. ಹರಿತ ಮಾಡಿದ್ದು ಬೇಗ ಹೋಯಿತು ಎಂಬ ದೂರಿಗೆ ಹೆಚ್ಚಿನ ಸಲ ಇದೇ ಕಾರಣ.

ಕಾಗದ ಸೀಳುವ, ಕೈಕೂದಲು ಬೋಳಿಸುವ ಹರಿತ ಕೊಯ್ತಾಕ್ಕೆ ಬೇಡ. ಹೆಬ್ಬೆರಳು ದಪ್ಪದ ಹಸಿ ಕೋಲು ಒಂದೇ ಓರೆ ಏಟಿಗೆ ನುಣುಪಾಗಿ ತುಂಡಾದರೆ ಸಾಕು.

ಮುಂದಿನ ಪಾಠ ಕೆಲಸದ ನಂತರ. ಬಾಯಿಯನ್ನು ಬೆಳಕಿಗೆ ಹಿಡಿದು ನೋಡಿ; ಹರಿತ ಅಂಚು ಬೆಳಕು ತೋರುವುದಿಲ್ಲ, ಮಿನುಗುವ ಕಡೆಯೆಲ್ಲ ಕೆಟ್ಟಿದೆ. ಅಂಚು ಒಂದು ಕಡೆಗೆ ವಾಲಿ ಮಡಚಿದ್ದರೆ ಕಬ್ಬಿಣ ಮೆದು ಅಥವಾ ಕೋನ ತೀರ ತೆಳು. ಅರ್ಧಚಂದ್ರದಂತೆ ಮುಕ್ಕು ಬಿದ್ದಿದ್ದರೆ ಗಡಸು ಹೆಚ್ಚು, ಅಥವಾ ಕಲ್ಲಿಗೆ ತಾಗಿದೆ. ಎರಡಕ್ಕೂ ಮೊದಲ ಮದ್ದು ಒಂದೇ: ಮುಂದಿನ ಸಲ ಕೋನವನ್ನು 25ಕ್ಕೆ, ಬೇಕಾದರೆ 28ಕ್ಕೆ ಏರಿಸುವುದು. ಆಗಲೂ ಮಡಚಿದರೆ ಹದ ಸರಿಯಿಲ್ಲ, ಕುಲುಮೆಗೆ ಒಯ್ಯಿರಿ. ಮಡಚದೆ, ಮುಕ್ಕಾಗದೆ ಸಮನಾಗಿ ಸವೆದಿದ್ದರೆ ನಿಮ್ಮ ಕೋನ ಸಿಕ್ಕಿತು. ಅದನ್ನೇ ಕಾಗದದಲ್ಲಿ ಕತ್ತರಿಸಿಟ್ಟುಕೊಳ್ಳಿ. ಬಿದಿರಿನ ಸಿಪ್ಪೆಯಲ್ಲಿ ಸಿಲಿಕಾ ಇರುವುದರಿಂದ ಸಮ ಸವೆತ ಅಲ್ಲಿ ಬೇಗ ಬರುತ್ತದೆ, ಅದು ಕೊಯ್ತಾದ ದೋಷವಲ್ಲ. ಸಣ್ಣ ಕಲ್ಲೊಂದನ್ನು ಜತೆಗಿಟ್ಟುಕೊಂಡು ಗಂಟೆಗೊಮ್ಮೆ ಒಂದೊಂದು ಕಡೆ ಐದಾರು ಸಲ ಎಳೆದರೆ ಮನೆಯಲ್ಲಿ ಅರ ಹಿಡಿಯುವ ಕೆಲಸ ಎಷ್ಟೋ ಕಡಿಮೆ.

ಬೀದಿಯ ಗ್ರೈಂಡರಿಗೆ ಕೊಡುವವರು ಪಕ್ಕದಲ್ಲೇ ನಿಲ್ಲಿ. ತೆಳು ಅಂಚು ಕ್ಷಣದಲ್ಲಿ ಕಾಯುತ್ತದೆ. ನೀಲಿ ಬಣ್ಣ ಬಂತೆಂದರೆ ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟಿದೆ. ಕಮ್ಮಾರರು ಅದಕ್ಕಿಂತ ಕಡಿಮೆ ಬಿಸಿಯಲ್ಲಿ ಹದ ಮಾಡಿದ್ದರೆ ಆ ಜಾಗ ಮೆದುವಾಯಿತು. ಪ್ರತಿ ಎಳೆತಕ್ಕೂ ನೀರಲ್ಲಿ ಅದ್ದಲು ಹೇಳಿ.

ಮಳೆಗಾಲದಲ್ಲಿ ತುಕ್ಕು ರಾತ್ರಿ ಕಳೆಯುವುದರೊಳಗೆ ಹಿಡಿಯುತ್ತದೆ. ಗೇರುಹಣ್ಣಿನ ರಸ ಹುಳಿ, ಅದು ತಾಗಿದ ಅಲಗನ್ನು ಅದೇ ದಿನ ತೊಳೆದು ಒರೆಸಬೇಕು. ಹಲಸಿನ ಅಂಟಿಗೆ ಕೊಬ್ಬರಿ ಎಣ್ಣೆ. ತುಕ್ಕಿಗೂ ಅದೇ ಎಣ್ಣೆ, ತೆಳ್ಳಗೆ. ಒದ್ದೆ ಚರ್ಮದ ಒರೆಯಲ್ಲಿ ಹಾಕಿಟ್ಟರೆ ಎಣ್ಣೆಯೂ ಕಾಯುವುದಿಲ್ಲ.

ಕಾನೂನು ಗೊತ್ತಿರಲಿ. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು ಶಸ್ತ್ರಗಳ ಪಟ್ಟಿಯಲ್ಲಿದೆ. ಮನೆ, ಕೃಷಿ ಬಳಕೆಗೆಂದು ಮಾಡಿದವು ಅದರಿಂದ ಹೊರಗೆ. ಹಾಗೆಂದು ಬೆಳಗಾವಿ ಬಸ್ಸಿನಲ್ಲಿ ಬರಿದಾಗಿ ಹಿಡಿದು ಕೂರುವಂತಿಲ್ಲ. ಗೋಣಿಯಲ್ಲಿ ಸುತ್ತಿ ಕಟ್ಟಿ. 1972ರ ವನ್ಯಜೀವಿ ಕಾಯ್ದೆಯಲ್ಲಿ ಆಯುಧ ಎಂಬುದರಲ್ಲಿ ಚಾಕುವೂ ಸೇರಿದೆ. ಮ್ಹಾದೇಯಿ, ಭಗವಾನ್ ಮಹಾವೀರ, ನೇತ್ರಾವಳಿ, ಕೋಟಿಗಾಂವ್ ಅಭಯಾರಣ್ಯಗಳೊಳಗೆ ಮುಖ್ಯ ವನ್ಯಜೀವಿ ಪಾಲಕರ ಲಿಖಿತ ಅನುಮತಿ ಇಲ್ಲದೆ ಒಯ್ಯಬೇಡಿ, ಅಲ್ಲಿ ಬಳ್ಳಿಯನ್ನೂ ಕಡಿಯಬೇಡಿ. ಕೊಯ್ತಾದ ಜಾಗ ಬಾಗಾಯತು (ತೋಟ), ಬೇಲಿ, ಸ್ವಂತ ಜಮೀನಿನ ಕಾಡಂಚು. ಅಲ್ಲಿಯೂ ಬೀಸುವವರಿಂದ ಉಳಿದವರು ಹತ್ತು ಅಡಿ ದೂರ ನಿಲ್ಲಲಿ, ಏಟು ಯಾವಾಗಲೂ ಓರೆಯಾಗಿ, ಮೈಯಿಂದ ಆಚೆಗೆ ಬೀಳಲಿ.